ಡಬ್ಬಿಯ ಕಿವಿ

ಇಂಡಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅರುಣಕುಮಾರನ ಅಂಗಡಿ ಹುಡುಕಲು ಬೋರ್ಡು ಬೇಕಾಗಿರಲಿಲ್ಲ. ಸುಟ್ಟ ವಾರ್ನಿಶಿನ ವಾಸನೆಯೇ ದಾರಿ ತೋರಿಸುತ್ತಿತ್ತು. ಸುತ್ತಲಿನ ಹಳ್ಳಿಗಳ ಮೋಟರುಗಳು ಸುಟ್ಟುಕೊಂಡು ಅವನ ಬಾಗಿಲಿಗೆ ಬರುತ್ತಿದ್ದವು. ಹಳೆಯ ತಂತಿ ಕಿತ್ತು ಹೊಸ ತಂತಿ ಸುತ್ತಿ ಕಳಿಸುವುದು ಅವನ ಕೆಲಸ. ಒಂದೇ ಮೋಟರು ಒಂದೇ ಬೇಸಿಗೆಯಲ್ಲಿ ಮತ್ತೆ ಮತ್ತೆ ಬಂದಾಗ ಗಲ್ಲಾಪೆಟ್ಟಿಗೆಗೇನೋ ಒಳ್ಳೆಯದೇ, ಆದರೆ ಅವನ ಮನಸ್ಸು ಕಸಿವಿಸಿಗೊಳ್ಳುತ್ತಿತ್ತು. ಬೋರಿನಲ್ಲಿ ನೀರು ತಳಕ್ಕಿಳಿದಾಗ ಮೋಟರು ಬರೀ ಗಾಳಿ ಎಳೆಯುತ್ತ ತಿರುಗುತ್ತದೆ, ಕಾಯುತ್ತದೆ, ಸುಡುತ್ತದೆ. ಮೇಲೆ ನಿಂತವನಿಗೆ ಅದು ತಿಳಿಯುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಸುಡುವ ಮೊದಲೇ ತಿಳಿಯುವ ಹಾಗೆ ಮಾಡಬಾರದೇಕೆ ಎಂಬುದು ಅವನ ತಲೆಯನ್ನು ಹುಳದಂತೆ ಹೊಕ್ಕಿತ್ತು.

ಹೀಗಾಗಿ ಅವನೊಂದು ಡಬ್ಬಿ ಮಾಡಿದ. ಟಿಫಿನ್ ಡಬ್ಬಿಗಿಂತ ಸ್ವಲ್ಪ ದೊಡ್ಡದು, ಒಳಗೊಂದು ಸಿಮ್ಮು. ಸ್ಟಾರ್ಟರಿಗೆ ಜೋಡಿಸಿ ಗೋಡೆಗೆ ತಗಲುಹಾಕಿದರೆ ಮನೆಯಲ್ಲಿ ಕುಳಿತೇ ಫೋನಿನಿಂದ ಮೋಟರು ಸುರು ಮಾಡಬಹುದು, ನಿಲ್ಲಿಸಬಹುದು. ಇಷ್ಟು ಮಾಡುವ ಡಬ್ಬಿಗಳು ಪೇಟೆಯಲ್ಲಿ ಬೇಕಾದಷ್ಟಿದ್ದವು. ಅರುಣಕುಮಾರ ತನ್ನದಕ್ಕೆ ಒಂದು ಕಿವಿಯನ್ನೂ ಇಟ್ಟ. ಸಾಸಿವೆ ಕಾಳಿನಷ್ಟು ತೂತು, ಅದರ ಹಿಂದೆ ಸಣ್ಣದೊಂದು ಮೈಕು. ತೊಟ್ಟಿಗೆ ನೀರು ಬೀಳುವ ಸಪ್ಪಳ ದಪ್ಪಗಿದ್ದರೆ ಎಲ್ಲ ಸರಿಯಿದೆ. ಅದು ಉಬ್ಬಸದವರ ಉಸಿರಿನಂತೆ ತುಂಡು ತುಂಡಾದರೆ ಬೋರು ಒಣಗುತ್ತಿದೆ. ಡಬ್ಬಿ ಅದನ್ನು ಕೇಳಿ ತಾನೇ ಮೋಟರು ನಿಲ್ಲಿಸಬೇಕು. ತಂತಿಯ ಸುತ್ತ ಒಂದು ಕಾಯಿಲು ಹಾಕಿ, ಹರಿಯುವ ಕರೆಂಟು ಇಳಿದದ್ದನ್ನು ಅಳೆದರೂ ಇದೇ ಕೆಲಸ ಆಗುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಆ ಕೆಲಸ ಎಲ್ಲರೂ ಮಾಡಿದ್ದು. ಕೇಳುವ ಡಬ್ಬಿಯನ್ನು ಯಾರೂ ಮಾಡಿರಲಿಲ್ಲ, ಕನಿಷ್ಠ ಅವನು ಕಂಡಂತೆ.

ಮೊದಲ ಡಬ್ಬಿಯನ್ನು ತಾಂಬಾದಲ್ಲಿ ಅಣ್ಣ ಗುರಪ್ಪನ ನಿಂಬೆ ತೋಟದ ಶೆಡ್ಡಿನಲ್ಲಿ, ತೊಟ್ಟಿಯ ಪಕ್ಕದಲ್ಲೇ ಹಾಕಿದ. ತ್ರೀ ಫೇಸ್ ಕರೆಂಟು ಒಂದು ವಾರ ಹಗಲು ಬಂದರೆ ಇನ್ನೊಂದು ವಾರ ರಾತ್ರಿ ಬರುತ್ತಿತ್ತು. ಇನ್ನು ರಾತ್ರಿ ತೋಟಕ್ಕೆ ನಡೆಯುವುದು ತಪ್ಪಿತೆಂದು ಗುರಪ್ಪ ತಮ್ಮನ ಬೆನ್ನು ತಟ್ಟಿದ. ಕಿವಿಯ ವಿಷಯವನ್ನು ಅರುಣಕುಮಾರ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಮೊದಲು ಯಶಸ್ವಿಯಾಗಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡ.

ದಿನವೂ ಅಂಗಡಿಯಿಂದ ಡಬ್ಬಿಗೆ ಫೋನು ಹಚ್ಚಿ ಸಪ್ಪಳ ಕೇಳುತ್ತಿದ್ದ, ಕಂಪ್ಯೂಟರಿನಲ್ಲಿ ತುಂಬಿಕೊಳ್ಳುತ್ತಿದ್ದ. ಒಂದು ಮಧ್ಯಾಹ್ನ ನೀರಿನ ಸಪ್ಪಳ ನಿಂತ ಮೇಲೆ ಶೆಡ್ಡಿನ ನೆರಳಲ್ಲಿ ಬುತ್ತಿಗೆ ಕುಳಿತ ಹೆಂಗಸರ ನಗು ಕೇಳಿಸಿತು. ಒಂದು ದನಿ ಬಾಜೂ ಹೊಲದ ದಾವಲಬಿಯದು. ಇನ್ನೊಂದನ್ನು ಗುರುತು ಹಿಡಿಯಲು ಅವನಿಗೆ ತುಸು ಹೊತ್ತು ಬೇಕಾಯಿತು. ಅದು ವೈನಿಯ ದನಿ, ಗುರಪ್ಪನ ಹೆಂಡತಿ ಸಾವಿತ್ರವ್ವನದು. ಅರುಣಕುಮಾರ ಸಾಲೆಗೆ ಹೋಗುವ ಹುಡುಗನಾಗಿದ್ದಾಗ ಈ ಮನೆಗೆ ಬಂದವಳು. ತಾಯಿಯಿಲ್ಲದ ಅವನಿಗೆ ಬುತ್ತಿ ಕಟ್ಟಿದವಳು. ಮನೆಯಲ್ಲಿ ಅವಳು ನಕ್ಕರೆ ಸೆರಗು ಬಾಯಿಗೆ ಬರುತ್ತಿತ್ತು, ಮಾತಾಡಿದರೆ ಎರಡೇ ಮಾತು. ಇಲ್ಲಿ ಅವಳು ಮಂದಿಯ ದನಿಯನ್ನು ಅಣಕಿಸಿ ಅಣಕಿಸಿ ಆಡುತ್ತಿದ್ದಳು. ಬಾಡಿಗೆ ಟ್ರ್ಯಾಕ್ಟರಿನವನು, ಸೊಸೈಟಿಯ ಅಧ್ಯಕ್ಷ, ಹೊಸ ಟೀಚರಬಾಯಿ, ಎಲ್ಲರೂ ಅವಳ ಗಂಟಲಿನಿಂದ ಇದ್ದ ಹಾಗೆಯೇ ಹೊರಬರುತ್ತಿದ್ದರು. ದಾವಲಬಿ ನಕ್ಕು ನಕ್ಕು ಕೆಮ್ಮುತ್ತಿದ್ದಳು.

ಫೋನು ಇಡಬೇಕಿತ್ತು. ಅವನು ಇಡಲಿಲ್ಲ. ಮರುದಿನ ಅದೇ ಹೊತ್ತಿಗೆ ಮತ್ತೆ ಹಚ್ಚಿದ. ನೀರಿನ ಸಪ್ಪಳಕ್ಕೆಂದೇ ಹಚ್ಚುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡ. ಅದು ಸುಳ್ಳೆಂದು ಅವನ ಬೆರಳಿಗೂ ಗೊತ್ತಿತ್ತು.

ಒಂದು ದಿನ ಅವಳು ಗಂಡನ ದನಿಯನ್ನೇ ಎತ್ತಿಕೊಂಡಳು. ಗುರಪ್ಪನೆಂದರೆ ತಾಂಬಾದಲ್ಲಿ ತೂಕದ ಮನುಷ್ಯ. ಜಗಳವಾದರೆ ಬಿಡಿಸಲು ಅವನನ್ನೇ ಕರೆಯುವರು. ಸಾವಿತ್ರವ್ವ ಗಂಟಲು ಗಟ್ಟಿ ಮಾಡಿಕೊಂಡು ಅವನಾದಳು.

"ಸಾವಿತ್ರೀ, ಮುಂದ ನಡಿ. ನಿಂಗ ಅಂಜಿಕಿ ಆದ್ರ ಹೇಳು, ನಾ ಹಿಂದ ಅದೇನಿ."

ಆಮೇಲೆ ತನ್ನ ದನಿಯಲ್ಲಿ, "ಮೊನ್ನಿ ಮೊನ್ನಿತನಾ ರಾತ್ರಿ ಕರೆಂಟ್ ಬಂದ್ರ ಇದೇ ಹಾಡ ಇತ್ತು ನೋಡವಾ. ಬ್ಯಾಟರಿ ನನ್ನ ಕೈಯಾಗ, ನನ್ನ ಸೆರಗು ಅವರ ಕೈಯಾಗ. ಕಪ್ಪಿ ಜಿಗದ್ರ ಸೆರಗು ಜಗ್ತಿತ್ತು. ಮುಂಜಾನೆ ಕಟ್ಟಿ ಮ್ಯಾಲ ಕೂತು, ನನ್ನ ಹೆಂಡ್ತಿ ಭಾಳ ಅಂಜುಬುರುಕಿ, ಅದಕ್ಕ ಕೂಡ ಹೋಗ್ತೇನಿ ಅಂತ ಹೇಳ್ತಿದ್ರು."

ದಾವಲಬಿ ನಗು ತಡೆಯಲಾರದೆ ಕೈಯಿಂದ ಏನನ್ನೋ ಬಡಿಯುತ್ತಿದ್ದಳು. ಅಷ್ಟಕ್ಕೆ ನಿಲ್ಲದೆ ಸಾವಿತ್ರವ್ವ ಮೈದುನನನ್ನೂ ಹಿಡಿದಳು. ಬಾಯಿತುಂಬ ರೊಟ್ಟಿ ಇಟ್ಟುಕೊಂಡಂತೆ ಮಾತಾಡಿದಳು. "ವೈನಿ, ನಾ ಒಂದು ಮಶೀನ್ ಮಾಡಾಕತ್ತೇನ್ರಿ. ಮೋಟರ್ ತಾನ ನಿಂದರ್ತೈತಿ. ಒಂದೀಟು ಬದನಿಕಾಯಿ ಪಲ್ಯ ಹಾಕ್ರಿ." ಆಮೇಲೆ, "ಮೋಟರ್ ನಿಂದರಸೂದಿರಲಿ, ಅವನ ಬಾಯಿ ನಿಂದರಸೂ ಮಶೀನ್ ಯಾರರೇ ಮಾಡಿದ್ರ ಕೋಮಲಾ ಅವರಿಗೆ ಕೈ ಮುಗೀತಿದ್ಳು."

ಕೋಮಲ ಅವನ ಹೆಂಡತಿ. ಅರುಣಕುಮಾರ ಅಂಗಡಿಯಲ್ಲಿ ಒಬ್ಬನೇ ಕುಳಿತು ಅಣ್ಣನ ಮಾತಿಗೆ ಬಿದ್ದು ಬಿದ್ದು ನಕ್ಕಿದ್ದ. ತನ್ನ ಮಾತು ಬಂದಾಗ ನಗು ಅರ್ಧಕ್ಕೇ ನಿಂತಿತು. ತಾನು ಹಾಗೆ ಮಾತಾಡುತ್ತೇನೆಯೇ ಎಂದು ತುಟಿ ಒರೆಸಿಕೊಂಡ.

ಕೆಲವು ದಿನಗಳ ನಂತರ ಸಿಂದಗಿಯಿಂದ ಇಬ್ರಾಹಿಂಸಾಬ ಬಂದ. ಪೈಪು, ಮೋಟರುಗಳ ವ್ಯಾಪಾರಿ. ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಅಂಗಡಿಗಳಿಗೂ ಅವನಿಂದಲೇ ಮಾಲು ಹೋಗುತ್ತಿತ್ತು. ಅವನು ಡಬ್ಬಿಯನ್ನು ತಿರುಗಿಸಿ ನೋಡಿ, "ಕೇಳ್ತೈತಿ ಅಂತೀಯಲ್ಲ, ಎಷ್ಟು ಸ್ವಚ್ಛ ಕೇಳ್ತೈತಿ ತೋರಸು" ಎಂದ.

ಅರುಣಕುಮಾರ ನೀರಿನ ಸಪ್ಪಳ ಕೇಳಿಸಿದ. ಇಬ್ರಾಹಿಂಸಾಬನ ಮುಖದಲ್ಲಿ ಏನೂ ಆಗಲಿಲ್ಲ. ನೀರು ನೀರೇ. ಆಗ ಅರುಣಕುಮಾರನ ಕೈ ವೈನಿಯ ದನಿ ತುಂಬಿಟ್ಟಿದ್ದ ಕಡೆ ಹೋಯಿತು. ತೋರಿಸಬೇಕೆಂಬ ಹುರುಪು, ಹೊಗಳಿಸಿಕೊಳ್ಳಬೇಕೆಂಬ ಆಸೆ. ಕೇಳಿಸುವ ಮುಂಚೆ ಒಂದು ಕೆಲಸ ಮಾಡಿದ. ವೈನಿ ತನ್ನನ್ನು ಆಡಿದ ಭಾಗವನ್ನು ಕತ್ತರಿಸಿದ. ಅಣ್ಣನದನ್ನು ಬಿಟ್ಟ.

ಇಬ್ರಾಹಿಂಸಾಬ ಕುರ್ಚಿ ಅಲುಗುವಂತೆ ನಕ್ಕ. "ಯಾರೋ ಈಕಿ? ಹುಲಿ ಐತಲ್ಲ ಹೆಣ್ಣಮಗಳು."

"ಯಾರೋ ಹೊಲದಾಗಿನ ಆಳು ಇರಬೇಕ್ರಿ" ಎಂದ ಅರುಣಕುಮಾರ.

"ಇದನ್ನ ನಂಗ ಕಳಸು. ನಮ್ಮ ಅಂಗಡಿಯವರಿಗೆ ಕೇಳಸ್ತೇನಿ. ಡಬ್ಬಿ ಎಷ್ಟು ಚಲೋ ಐತಿ ಅಂತ ಇದ್ರಾಗ ತಿಳೀತೈತಿ."

ಅವನು ತನ್ನ ಕೈಯಾರೆ ಕಳಿಸಿದ.

ಅದು ಸಿಂದಗಿಯಿಂದ ಮುದ್ದೇಬಿಹಾಳಕ್ಕೆ, ಅಲ್ಲಿಂದ ಬಾಗೇವಾಡಿಗೆ, ಅಲ್ಲಿಂದ ಎಲ್ಲೆಲ್ಲಿಗೋ ಹೋಯಿತು. ತಾಂಬಾದ ಒಬ್ಬನ ಫೋನಿಗೆ ಬಂದದ್ದೇ ತಡ, ದನಿ ಯಾರದೆಂದು ತಿಳಿದುಹೋಯಿತು. ಮರುದಿನ ಗುರಪ್ಪ ಚಹಾದಂಗಡಿಗೆ ಹೋದರೆ ಒಂದು ಮೂಲೆಯಿಂದ ಯಾರೋ, "ಗುರಪ್ಪಣ್ಣಾ, ಅಂಜಿಕಿ ಆದ್ರ ಹೇಳು, ನಾವು ಹಿಂದ ಅದೇವಿ" ಎಂದರು. ಅವನು ಚಹಾ ಕುಡಿಯದೆ ಎದ್ದು ಬಂದ. ಆಮೇಲೆ ಅತ್ತ ಕಾಲಿಡಲಿಲ್ಲ.

"ನೀ ಫೋನಿನ ವಿದ್ಯಾ ತಿಳಿದಾಂವ. ಬಾ, ಇದನ್ನ ಮಾಡಿದವರು ಯಾರು ಅಂತ ಹುಡುಕು" ಎಂದು ಅಣ್ಣ ಅರುಣಕುಮಾರನನ್ನು ಕರೆಸಿದ. ತಾಂಬಾಕ್ಕೆ ಹೋಗುವ ದಾರಿಯುದ್ದಕ್ಕೂ ಅವನು ಗಾಡಿಯ ಮೇಲೆ ಮಾತು ಜೋಡಿಸಿಕೊಂಡ. ಅಣ್ಣಾ, ತಪ್ಪಾತು, ನಾನಽ ಮಾಡೇನಿ. ಮನೆಯ ಅಂಗಳಕ್ಕೆ ಬಂದು ನೋಡಿದರೆ ದಾವಲಬಿ ಕಂಬದ ಬಳಿ ನಿಂತಿದ್ದಳು. ಗುರಪ್ಪ ಕಟ್ಟೆಯ ಮೇಲೆ ಕೂತಿದ್ದ. ಸಾವಿತ್ರವ್ವ ಅಡುಗೆಮನೆಯ ಬಾಗಿಲಲ್ಲಿ ನೆಲ ನೋಡುತ್ತಿದ್ದಳು. ಓಣಿಯ ನಾಲ್ಕು ಮಂದಿ ಗೋಡೆಗೆ ಆತು ನಿಂತಿದ್ದರು.

"ಆ ಹೊತ್ತಿನ್ಯಾಗ ತೋಟದಾಗ ಇದ್ದವರು ಇಬ್ರ" ಎಂದ ಗುರಪ್ಪ. "ಒಬ್ಬಾಕಿ ನನ್ನ ಹೆಂಡ್ತಿ. ಅಕಿ ತನ್ನ ಮರ್ಯಾದಿ ತಾನ ಕಳಕೊಳ್ಳಾಕಿ ಅಲ್ಲ."

ದಾವಲಬಿ ತನ್ನ ಫೋನನ್ನು ಸೆರಗಿನ ಗಂಟಿನಿಂದ ಬಿಚ್ಚಿ ಕಟ್ಟೆಯ ಮೇಲಿಟ್ಟಳು. ಗುಂಡಿಗಳ ಹಳೆಯ ಫೋನು. "ಇದರಾಗ ಟಾರ್ಚ್ ಬಿಟ್ರ ನಂಗ ಏನೂ ಬರೂದಿಲ್ಲ, ಗುರಪ್ಪಣ್ಣ. ನನ್ನ ಮಕ್ಕಳಾಣಿ, ನಾ ಮಾಡಿಲ್ಲ."

ಗುರಪ್ಪ ಆ ಫೋನನ್ನು ತಮ್ಮನ ಕೈಗೆ ಕೊಟ್ಟ. "ಇದರಾಗ ದನಿ ತುಂಬಾಕ ಆಗ್ತೈತೇನು?"

ಇದೇ ಹೊತ್ತು. ಜೋಡಿಸಿಕೊಂಡು ಬಂದ ಮಾತು ನಾಲಿಗೆಯ ತುದಿಯಲ್ಲಿತ್ತು. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅವನು ಫೋನನ್ನು ಅತ್ತಿತ್ತ ತಿರುಗಿಸಿದ. ಕೆಲವು ಹಳೆಯ ಫೋನುಗಳಲ್ಲಿಯೂ ದನಿ ತುಂಬಬಹುದು, ಆ ಮಾತು ಸುಳ್ಳಲ್ಲ.

"ಆಗಬಹುದು" ಎಂದ.

ದಾವಲಬಿ ಅವನ ಮುಖವನ್ನೊಮ್ಮೆ ನೋಡಿ, ಫೋನು ತೆಗೆದುಕೊಂಡು ಹೊರಟಳು. ಗೋಡೆಗೆ ಆತು ನಿಂತವರು ಅವಳಿಗೆ ದಾರಿ ಬಿಟ್ಟ ರೀತಿಯಲ್ಲೇ ತೀರ್ಪು ಇತ್ತು. ಬಾಗಿಲು ದಾಟುವಾಗ ಅವಳು ಸಾವಿತ್ರವ್ವನ ಕಡೆ ತಿರುಗಿದಳು. ಸಾವಿತ್ರವ್ವ ತಲೆ ಎತ್ತಲಿಲ್ಲ.

ಅಂದು ಅವನು ಊಟ ಬೇಡವೆಂದರೂ ವೈನಿ ತಾಟು ಹಾಕಿದಳು. ಗುರಪ್ಪ ಹೊರಗೆ ಎಮ್ಮೆಗೆ ನೀರು ಇಡುತ್ತಿದ್ದ. ಅವಳು ರೊಟ್ಟಿ ಮುರಿದು ಬಡಿಸಿ ಎದುರಿಗೆ ಕುಳಿತಳು.

"ಅರುಣಾ, ಒಂದು ಕೇಳಲೇನು?"

"ಕೇಳ್ರಿ ವೈನಿ."

"ಆ ದಿವ್ಸ ನಿಮ್ಮಣ್ಣಂದು ಆಡಿದ ಮ್ಯಾಲ ನಾ ನಿಂದೂ ಆಡಿದ್ನಿ. ಅದು ಎಲ್ಲಿ ಹೋತು?"

ಅವನು ಕೈಯಲ್ಲಿದ್ದ ತುತ್ತನ್ನು ತಾಟಿಗೆ ಇಳಿಸಿದ. 

"ದಾವಲಬಿ ಮಾಡಿದ್ರ ನಿಂದು ಯಾಕ ತಗೀಬೇಕು?" ಎಂದಳು ಮೆಲ್ಲಗೆ. "ಅಕಿ ಎಲ್ಲಾಕಿಂತ ಹೆಚ್ಚು ನಕ್ಕಿದ್ದೇ ನಿನ್ನ ಮಾತಿಗೆ. ನಂಗ ಎರಡು ದಿವ್ಸ ತಿಳೀಲಿಲ್ಲ. ನಿನ್ನೆ ತೋಟದಾಗ ನಿಂತು ಆ ಡಬ್ಬಿ ನೋಡಿದ್ನಿ. ಅದಕ್ಕೊಂದು ತೂತು ಐತಿ. ಇವತ್ತ ಮಂದಿ ಮುಂದ ನೀನ ಹೇಳ್ತಿ ಅಂತ ಕಾದ್ನಿ."

ಅವನು ತಾಟನ್ನೇ ನೋಡುತ್ತಿದ್ದ. ತಾಟಿನಲ್ಲಿ ಬದನೆಕಾಯಿ ಪಲ್ಯವಿತ್ತು.  ಬೈದಿದ್ದರೆ, ಎದ್ದು ಹೋಗಿದ್ದರೆ, ಗಂಡನನ್ನು ಕೂಗಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಇನ್ನೊಂದು ರೊಟ್ಟಿ ಹಾಕಿದಳು.

"ನಾ ನಿಮ್ಮಣ್ಣಗ ಹೇಳೂದಿಲ್ಲ. ನಿಂಗ ಬಾಯಿ ಐತಿ."

ಅವನು ಅಂದೂ ಹೇಳಲಿಲ್ಲ. ಹೊರಗೆ ಬಂದು ಅಣ್ಣನ ಪಕ್ಕದಲ್ಲಿ ನಿಂತ, ಎಮ್ಮೆಯ ಬೆನ್ನು ಸವರಿದ, ಹೋಗಿಬರುತ್ತೇನೆಂದು ಗಾಡಿ ಹತ್ತಿದ. ಇಂಡಿಗೆ ಬಂದು ಅಂಗಡಿಯ ಬಾಗಿಲು ತೆರೆಯದೆ ಮೆಟ್ಟಿಲ ಮೇಲೆ ಕುಳಿತ. ಮನೆಗೆ ಹೋದರೆ ಕೋಮಲ, "ಯಾಕ್ರಿ, ಮೈಯಾಗ ಆರಾಮ ಇಲ್ಲೇನು?" ಎಂದಳು. ಆರಾಮ ಐತಿ ಎಂದ. ಕೆಲಸದಲ್ಲಿ ಕೈ ಇಟ್ಟರೆ ತಂತಿಯ ಸುತ್ತು ಎಣಿಕೆ ತಪ್ಪುತ್ತಿತ್ತು. ಗಿರಾಕಿಗಳಲ್ಲಿ ಯಾರಾದರೂ ನಕ್ಕರೆ ಅದೇ ನಗುವೇನೋ ಎಂದು ಬೆಚ್ಚುತ್ತಿದ್ದ.

ಅಷ್ಟರಲ್ಲಿ ಇಬ್ರಾಹಿಂಸಾಬ ಖುಷಿಯಿಂದ ಬಂದ. ಮುದ್ದೇಬಿಹಾಳದವರು, ಬಾಗೇವಾಡಿಯವರು ಡಬ್ಬಿ ಕೇಳುತ್ತಿದ್ದಾರೆ, ಎಷ್ಟು ಬೇಗ ಮಾಡಿ ಕೊಡುತ್ತೀ ಎಂದ. ಈ ಮಾತಿಗಾಗಿ ಅರುಣಕುಮಾರ ವರ್ಷಗಟ್ಟಲೆ ಕಾದಿದ್ದ. ಈಗ ಅದು ಕಿವಿಗೆ ಬಿದ್ದರೆ ಯಾರೋ ಚಾಡಿ ಹೇಳಿದಂತಾಯಿತು.

"ಆ ಹೆಣ್ಣಮಗಳು ಆಳಲ್ರಿ" ಎಂದ. "ನಮ್ಮ ವೈನಿ."

ಇಬ್ರಾಹಿಂಸಾಬನ ಮುಖ ಕಪ್ಪಿಟ್ಟಿತು. ಚಹಾದ ಕಪ್ಪು ಕೆಳಗಿಟ್ಟ. "ನಿಮ್ಮ ಮನಿ ಹೆಣ್ಣಮಗಳ ದನಿ ನನ್ನ ಕೈಲೆ ಊರೂರು ತಿರುಗಿಸಿದ್ಯಲ್ಲೋ. ಮೊದಲ ಹೇಳಿದ್ರ ನಾ ಕೇಳ್ತಿದ್ದಿಲ್ಲ, ಕೇಳಸ್ತಿದ್ದಿಲ್ಲ. ನನ್ನನ್ನೂ ಪಾಪದಾಗ ಕೂಡಿಸಿಕೊಂಡಿ." ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ಕಿವಿ ಇಲ್ಲದ ಡಬ್ಬಿ ಮಾಡಿದ್ರ ಹೇಳು" ಎಂದ.

ಆ ಸಂಜೆಯೇ ಅರುಣಕುಮಾರ ತಾಂಬಾಕ್ಕೆ ಹೋದ. ಈ ಸಲ ದಾರಿಯಲ್ಲಿ ಮಾತು ಜೋಡಿಸಲಿಲ್ಲ. ಗುರಪ್ಪ ಪಡಸಾಲೆಯಲ್ಲಿ ನಿಂಬೆಕಾಯಿ ಚೀಲಗಳ ಬಾಯಿ ಹೊಲಿಯುತ್ತಿದ್ದ. ಅವನೆದುರು ನಿಂತು ಎಲ್ಲವನ್ನೂ ಹೇಳಿದ. ಡಬ್ಬಿಗೆ ಕಿವಿ ಇಟ್ಟದ್ದು, ದಿನವೂ ಕೇಳಿದ್ದು, ತನ್ನದನ್ನು ಕತ್ತರಿಸಿ ಅಣ್ಣನದನ್ನು ಕಳಿಸಿದ್ದು, ಆಗಬಹುದು ಎಂದದ್ದು. ಹೇಳುತ್ತಾ ಹೋದಂತೆ ಅವನ ದನಿ ಸಣ್ಣದಾಗುತ್ತ ಬಂತು. ಗುರಪ್ಪ ದಬ್ಬಣವನ್ನು ಚೀಲಕ್ಕೆ ಚುಚ್ಚಿ ಅಲ್ಲೇ ಬಿಟ್ಟ. ಅವನು ಹೊಡೆಯುತ್ತಾನೆಂದು ಅರುಣಕುಮಾರ ಕಾದ. ಹೊಡೆಯಲಿ ಎಂದು ಬೇಡಿಕೊಂಡ ಎಂದರೂ ಸರಿ.

ಗುರಪ್ಪ ರುಮಾಲು ಸುತ್ತಿಕೊಂಡು ಎದ್ದ. "ಚಪ್ಪಲಿ ಹಾಕ್ಕೊ. ದಾವಲಬಿ ಮನಿಗೆ ನಡಿ."

ದಾವಲಬಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಓಣಿಯವರು ತಮ್ಮ ತಮ್ಮ ಕಟ್ಟೆಗಳ ಮೇಲಿದ್ದರು. ಗುರಪ್ಪ ಎಲ್ಲರಿಗೂ ಕೇಳುವ ಹಾಗೆ ಮಾತಾಡಿದ.

"ದಾವಲಬಿ, ನಿನ್ನದೇನೂ ತಪ್ಪಿಲ್ಲ. ಮಾಡಿದಾಂವ ನನ್ನ ತಮ್ಮ. ಮಂದಿ ಮುಂದ ನಿನ್ನ ನಿಂದರಿಸಿದಾಂವ ನಾನು. ನಾ ಅಂಜತೇನಿ ಅನ್ನೂದು ಖರೆ ಐತಿ, ಅದನ್ನ ಊರು ಕೇಳಿ ನಕ್ಕಿತು, ಅಲ್ಲಿಗೆ ಮುಗೀತು. ನಿಂಗ ಮಾಡಿದ್ದು ಹೆಂಗ ಮುಗೀಬೇಕು ನಂಗ ತಿಳೀವಲ್ಲದು."

ತಾನು ಅಂಜುತ್ತೇನೆಂದು ಅಣ್ಣ ಓಣಿಯ ನಡುವೆ ನಿಂತು ಹೇಳಿದ್ದು ಅರುಣಕುಮಾರನಿಗೆ ಹೊಡೆತಕ್ಕಿಂತ ಹೆಚ್ಚಾಗಿ ತಾಗಿತು. ಅವನೂ ಬಾಯಿ ತೆರೆದ. "ಅಕ್ಕಾರ, ನಾ ಗೊತ್ತಿದ್ದೂ ಸುಮ್ಮನಿದ್ನಿ. ತಪ್ಪಾತ್ರಿ."

ದಾವಲಬಿ ಮೊರವನ್ನು ಮಡಿಲಿಗೆ ಇಳಿಸಿದಳು. "ಸುಮ್ಮನಿದ್ದಿಲ್ಲಪಾ ನೀನು. ಆಗಬಹುದು ಅಂದಿ."  ಗುರಪ್ಪನಿಗೆ ಮಾತ್ರ, "ಸಾವಿತ್ರಕ್ಕಗ ನಾಳೆ ಹೊಲಕ್ಕ ಬಾ ಅಂತ ಹೇಳು" ಎಂದಳು.

ಮನೆಗೆ ಮರಳಿದ ಮೇಲೆ ಅರುಣಕುಮಾರ ಹಿತ್ತಲಿಗೆ ಹೋದ. ವೈನಿ ಪಾತ್ರೆ ತಿಕ್ಕುತ್ತಿದ್ದಳು. ಅವನು ದೂರವೇ ನಿಂತು, ದಾರಿಯಲ್ಲಿ ಹೊಳೆದ ಒಂದು ಮಾತನ್ನು ಹೇಳಿದ. ಹೇಳುವಾಗ ಅದು ದೊಡ್ಡ ಪ್ರಾಯಶ್ಚಿತ್ತವೆಂದೇ ಅವನಿಗೆ ಅನ್ನಿಸಿತ್ತು.

"ವೈನಿ, ನನ್ನ ಮ್ಯಾಲೆ ಆಡಿದ್ದು ಇನ್ನೂ ನನ್ನ ಹಂತ್ಯಾಕ ಐತ್ರಿ. ಅದನ್ನೂ ಎಲ್ಲಾರಿಗೂ ಕಳಸ್ತೇನಿ. ನನ್ನ ನೋಡಿ ನಗಲಿ ಊರು."

ಸಾವಿತ್ರವ್ವನ ಕೈ ನಿಂತಿತು. "ಅದರಾಗ ದನಿ ಯಾರದು?"

"ನಿಮ್ದ್ರಿ" ಎಂದ.

"ನಿನ್ನ ಮರ್ಯಾದಿ ಹೋಗಾಕೂ ನನ್ನ ದನಿನಽ ಬೇಕೇನು? ನಿಂಗ ಇನ್ನೂ ತಿಳಿದಿಲ್ಲ, ಅರುಣಾ. ನಾ ಅಲ್ಲಿ ಕೂತು ಯಾರನ್ನೂ ಸಣ್ಣವರನ್ನ ಮಾಡ್ತಿದ್ದಿಲ್ಲ. ಮನ್ಯಾಗ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಕೇಳಿದ್ದನ್ನ ಅಲ್ಲಿ ಬಿಚ್ಚಿ ಹಗುರ ಆಗ್ತಿದ್ನಿ. ನಿಮ್ಮಣ್ಣನ ಮ್ಯಾಲೆ ಸಿಟ್ಟು ಇದ್ರ ಸೆರಗು ಯಾಕ ಕೊಡ್ತಿದ್ನಿ?" ಅವಳು ಬೂದಿಗೈಯನ್ನು ತೊಳೆದುಕೊಂಡು ಎದ್ದಳು. "ಇದ್ದದ್ದೆಲ್ಲಾ ನನ್ನ ಮುಂದ ಅಳಿಸು."

ಅವನು ಫೋನು ತೆಗೆದು ಒಂದೊಂದೇ ಅಳಿಸಿದ. ಕಂಪ್ಯೂಟರಿನಲ್ಲಿರುವುದನ್ನು ಇಂಡಿಗೆ ಹೋದ ಕೂಡಲೇ ಅಳಿಸುತ್ತೇನೆಂದ. ಅವಳು ಫೋನಿನ ಗಾಜನ್ನು ನೋಡಿದಳು, ಅಲ್ಲಿ ಏನೂ ಇರಲಿಲ್ಲ.

"ಅಳಿಸಿದಿ ಅಂತ ನಾ ಹೆಂಗ ತಿಳ್ಕೊಳ್ಳಲಿ?"

ತೋರಿಸಲು ಅವನ ಬಳಿ ಏನೂ ಇರಲಿಲ್ಲ. ಇಲ್ಲದ್ದನ್ನು ಇಲ್ಲವೆಂದು ತೋರಿಸುವ ಯಂತ್ರ ಯಾವುದೂ ಅವನಿಗೆ ಗೊತ್ತಿರಲಿಲ್ಲ. ಅವನ ಮಾತೊಂದೇ ಉಳಿದಿತ್ತು. ಆ ಮಾತಿನ ಬೆಲೆ ಈ ಮನೆಯಲ್ಲಿ ಏನಾಗಿದೆಯೆಂದು ಇಬ್ಬರಿಗೂ ಗೊತ್ತಿತ್ತು.

ಮರುದಿನ ತೋಟಕ್ಕೆ ಹೋಗಿ ಡಬ್ಬಿ ಬಿಚ್ಚಿದ. ಮೈಕು ಕಿತ್ತ. ಸ್ಟಾರ್ಟರಿನ ತಂತಿಗೆ ಕಾಯಿಲು ಹಾಕಿದ. ಕರೆಂಟು ಇಳಿದರೆ ಮೋಟರು ನಿಲ್ಲುವಂತೆ ಜೋಡಿಸಿದ. ತೂತಿಗೆ ಮೇಣ ಹೊಯ್ದು ಬೆರಳಿನಿಂದ ಒತ್ತಿದ. ಎಲ್ಲವೂ ಒಂದು ಮುಂಜಾನೆಯಲ್ಲಿ ಮುಗಿಯುವ ಕೆಲಸ. ಮೊದಲೇ ಮಾಡಬಹುದಿತ್ತು. ಹೆಂಗಸರಿಬ್ಬರೂ ಬುತ್ತಿ ಹಿಡಿದು ಬಂದರು, ಶೆಡ್ಡಿನ ಬಳಿ ಅವನನ್ನು ಕಂಡು ನಿಂತರು. "ಇನ್ನ ಇದು ಕೇಳೂದಿಲ್ರಿ" ಎಂದ.  ಅವರು ಡಬ್ಬಿಯನ್ನೊಮ್ಮೆ ನೋಡಿ, ನೆರಳು ಬಿಟ್ಟು ಬದುವಿನ ಮೇಲೆ ಬಿಸಿಲಿನಲ್ಲಿ ಕುಳಿತು ಬುತ್ತಿ ಬಿಚ್ಚಿದರು. ಮಾತಿಲ್ಲದೆ ಉಂಡರು.

ಇಬ್ರಾಹಿಂಸಾಬ ಮುಂದೆ ಕಾಯಿಲಿನ ಡಬ್ಬಿಗಳನ್ನೇ ಕೊಂಡ. ಈಗ ಮುದ್ದೇಬಿಹಾಳದ ಕಡೆಯ ಹೊಲಗಳಲ್ಲಿ ಅವು ಇವೆ, ಮೋಟರು ಸುಡುವುದು ಕಡಿಮೆಯಾಗಿದೆ. ಗುರಪ್ಪ ಚಹಾದಂಗಡಿಗೆ ಮತ್ತೆ ಹೋಗತೊಡಗಿದ್ದಾನೆ. ಯಾರಾದರೂ ಕೆಣಕಿದರೆ, "ಹೌದು, ಅಂಜತೇನಿ, ನೀ ಮುಂದ ನಡಿ" ಎನ್ನುತ್ತಾನಂತೆ. ತಮ್ಮನೊಡನೆ ಮಾತು ಬಿಟ್ಟಿಲ್ಲ.

ದೀಪಾವಳಿಗೆ ಅರುಣಕುಮಾರ ಹೆಂಡತಿಯೊಡನೆ ತಾಂಬಾಕ್ಕೆ ಹೋದ. ಹೊಸ್ತಿಲಲ್ಲಿ ಸಾವಿತ್ರವ್ವ ನೀರಿನ ಚರಿಗೆ ಹಿಡಿದು ನಿಂತಿದ್ದಳು. ಕೋಮಲಳಿಗೆ "ಬಾರವಾ" ಎಂದಳು. ಅವನ ಕಡೆ ತಿರುಗಿ, ಚಡಚಣದಿಂದ ಬಂದ ಬೀಗರಿಗೆ ಹೇಳುವಷ್ಟೇ ಮರ್ಯಾದೆಯಿಂದ, "ಬರ್ರಿ, ಕೈಕಾಲು ತೊಳಕೊಳ್ರಿ" ಎಂದಳು.

ಹುಡುಗನಾಗಿದ್ದಾಗಿನಿಂದ ಬಾರೋ, ಹೋಗೋ, ಉಣ್ಣೋ ಎಂದು ಕರೆಸಿಕೊಂಡವನು ಚರಿಗೆ ತೆಗೆದುಕೊಂಡು, ತಲೆ ತಗ್ಗಿಸಿ ಕಾಲು ತೊಳೆದುಕೊಂಡ.